‘ನೀವು ಯಾವ ಜನ?’ ಎಂದು ಕೇಳಿದಾಗ ನಾಲ್ಕನೆಯ ಶೀಲ



*ಇಂದಿನ ಧಮ್ಮ ಚಿಂತನೆ*



ಕಳೆದ ಭಾನುವಾರ ವಂದನೆ ಮುಗಿದು ಎಲ್ಲರೂ ಟೀ ಕುಡಿಯುವಾಗ ನಮ್ಮ ಬಳಗದ ಒಬ್ಬ ತಂಗಿ ಒಂದು ಪ್ರಶ್ನೆ ಇಟ್ಟರು. ಅವರಿಗೆ ಕೆಲಸದಲ್ಲಿ ವರ್ಗವಾಗಿದೆ. ಹೊಸ ಊರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾರೆ. ಮೂರು ಮನೆ ನೋಡಿದರಂತೆ. ಮೂರೂ ಖಾಲಿ ಇದ್ದವು, ಬಾಡಿಗೆ, ಅಡ್ವಾನ್ಸ್ ಮಾತಾಗಿತ್ತು. ‘ನೀವು ಯಾವ ಜನ?’ ಎಂಬ ಮಾತು ಬಂದ ಮೇಲೆ ಮೂರಕ್ಕೂ ಬೇರೆ ಯಾರೋ ಮೊದಲೇ ಬಂದಿದ್ದರು. ನಾಲ್ಕನೆಯ ಮನೆಗೆ ಹೋಗುವ ಮುಂಚೆ ಬ್ರೋಕರ್ ಹೇಳಿದನಂತೆ: ‘ಮೇಡಂ, ಸುಮ್ನೆ ಲಿಂಗಾಯತ್ರು ಅಂದ್ಬಿಡಿ. ಯಾರು ಸರ್ಟಿಫಿಕೇಟ್ ಕೇಳ್ತಾರೆ?’ ತಂಗಿಯ ಪ್ರಶ್ನೆ ಇಷ್ಟೇ: ‘ಸರ್, ಬೆಳಗ್ಗೆ ಪಂಚಶೀಲ ಹೇಳಿ ಸಂಜೆ ಹಾಗಂದ್ರೆ ನನ್ನ ಶೀಲ ಮುರಿಯುತ್ತಾ?’

ಕೂಡಲೇ ಎರಡು ಪಕ್ಷವಾಯಿತು. ‘ಸುಳ್ಳು ಸುಳ್ಳೇ ಕಣಮ್ಮ, ಒಂದು ಬಾಡಿಗೆ ಮನೆಗೋಸ್ಕರ ಶೀಲ ಬಿಡ್ತೀಯಾ?’ ಎಂದರು ಹಿರಿಯರೊಬ್ಬರು. (ಅವರಿಗೆ ಸ್ವಂತ ಮನೆಯಿದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.) ಹುಡುಗರು ಬಿಡಲಿಲ್ಲ: ‘ಜಾತಿ ಅನ್ನೋದೇ ದೊಡ್ಡ ಸುಳ್ಳು. ಸುಳ್ಳು ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ರೆ ಏನು ತಪ್ಪು?’

ಹುಡುಗರ ಮಾತು ಕೇಳಲು ಚೆನ್ನಾಗಿದೆ. ಆದರೆ ಸ್ವಲ್ಪ ನಿಂತು ನೋಡಿ. ‘ನಾವು ಲಿಂಗಾಯತರು’ ಎಂದಾಗ ‘ಜಾತಿ ಸುಳ್ಳು’ ಎಂದು ಓನರಿಗೆ ಹೇಳಿದಂತಾಗುವುದಿಲ್ಲ. ‘ನಿಮ್ಮ ಏಣಿ ಸರಿಯಾಗಿದೆ, ನಾನು ಅದರ ಕೆಳಗಿನ ಮೆಟ್ಟಿಲಿನವಳಲ್ಲ, ಒಳಗೆ ಬಿಡಿ’ ಎಂದು ಹೇಳಿದಂತಾಗುತ್ತದೆ. ನಾವು ಬಿಟ್ಟು ಬಂದ ಏಣಿಯನ್ನು ನಾವೇ ಹೋಗಿ ಹಿಡಿದುಕೊಂಡ ಹಾಗೆ.

ಮೊದಲು ನಾವು ದಿನವೂ ಬಾಯಲ್ಲಿ ಹೇಳುವ ಮಾತನ್ನೇ ನೋಡೋಣ. ಕನ್ನಡ ಮೇಷ್ಟ್ರಿಗೆ ಪದ ಬಿಡಿಸುವ ಚಟ, ಸಹಿಸಿಕೊಳ್ಳಿ. ‘ಮುಸಾವಾದ’ ಎಂದರೆ ಸುಳ್ಳು ಮಾತು. ‘ವೇರಮಣಿ’ ಎಂದರೆ ಅದರಿಂದ ದೂರವಿರುವುದು. ‘ಸಿಕ್ಖಾಪದ’ ಎಂದರೆ ಶಿಕ್ಷಾಪದ. ಈ ಶಿಕ್ಷೆ ದಂಡನೆಯಲ್ಲ, ಶಿಕ್ಷಕ ಎಂಬ ಮಾತಿನೊಳಗೆ ಇರುವ ಶಿಕ್ಷೆ, ಅಂದರೆ ಕಲಿಕೆ. ‘ಸಮಾದಿಯಾಮಿ’ ಎಂದರೆ ಕೈಗೊಳ್ಳುತ್ತೇನೆ. ಮೇಲೆ ಕೂತ ಯಾವ ದೇವರೂ ‘ಸುಳ್ಳಾಡಿದರೆ ನೋಡು’ ಎಂದು ಹೆದರಿಸಿದ್ದಲ್ಲ ಇದು. ನಾನೇ ಕಲಿಯಲು ಹಿಡಿದ ಪಾಠ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿಯೂ ಸುಳ್ಳಾಡುವುದಿಲ್ಲ ಎಂಬುದು ಸೇರಿದೆ. ಅದನ್ನೂ ನಾವು ‘ನಾನು’ ಎಂದೇ ಹೇಳುತ್ತೇವೆ. ಹಾಗಾಗಿ ಶೀಲ ಎಂಬುದು ಗಾಜಿನ ಲೋಟವಲ್ಲ, ಒಮ್ಮೆ ಬಿದ್ದರೆ ಮುಗಿಯಿತು ಎನ್ನಲು. ಮಗ್ಗಿ ತಪ್ಪಿದ ಮಗು ಮತ್ತೆ ಮೊದಲಿನಿಂದ ಹೇಳುತ್ತದಲ್ಲ, ಹಾಗೆ.

ಸರಿ, ಸುಳ್ಳು ಎಂದರೆ ಯಾವುದು? ಪಾಲಿ ಅಟ್ಠಕಥೆಗಳು ಇದಕ್ಕೆ ನಾಲ್ಕು ಅಂಗ ಹೇಳುತ್ತವೆ. ಹೇಳುವ ವಿಷಯ ನಿಜವಾಗಿರಬಾರದು, ಎದುರಿನವರನ್ನು ತಪ್ಪು ದಾರಿಗೆ ಹಚ್ಚುವ ಮನಸ್ಸಿರಬೇಕು, ಆ ಮನಸ್ಸಿನಿಂದ ಪ್ರಯತ್ನ ನಡೆಯಬೇಕು, ಎದುರಿನವರಿಗೆ ಅದು ಅರ್ಥವಾಗಬೇಕು. ನಾಲ್ಕೂ ಕೂಡಿದರೆ ಮುಸಾವಾದ. ಬ್ರೋಕರ್ ಕೊಟ್ಟ ಸಲಹೆಯಲ್ಲಿ ನಾಲ್ಕೂ ಇವೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಪ್ರಯತ್ನ ಬಾಯಿಂದಲೇ ಆಗಬೇಕೆಂದಿಲ್ಲ, ಮೈಯಿಂದಲೂ ಆಗುತ್ತದೆ ಎಂಬುದನ್ನು ಗಮನಿಸಿ. ಮನೆ ನೋಡಲು ಹೋಗುವ ದಿನ ಮಾತ್ರ ಹಣೆಗೆ ವಿಭೂತಿ ಎಳೆದುಕೊಂಡು ಹೋಗಿ, ‘ನಾನೇನೂ ಬಾಯಿಬಿಟ್ಟು ಹೇಳಲಿಲ್ಲವಲ್ಲ’ ಎಂದರೆ ಅದು ನಡೆಯುವುದಿಲ್ಲ. ಹಣೆಯೇ ಹೇಳಿತಲ್ಲ.

ಆದರೆ ಇದೇ ನಾಲ್ಕು ಅಂಗ ಇನ್ನೊಂದು ಬಾಗಿಲನ್ನೂ ತೆರೆಯುತ್ತವೆ. ಹೇಳದೆ ಇರುವುದು ಸುಳ್ಳಲ್ಲ. ಉತ್ತರ ಕೊಡಲು ಒಪ್ಪದಿರುವುದು ಸುಳ್ಳಲ್ಲ. ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತದಲ್ಲಿ ಬುದ್ಧರು ತಮ್ಮ ಮಾತಿನ ಕ್ರಮವನ್ನೇ ಬಿಡಿಸಿ ಹೇಳುತ್ತಾರೆ. ನಿಜವಲ್ಲದ್ದನ್ನು, ಅದು ಎಷ್ಟೇ ಹಿತವಾಗಿ ಕೇಳಿಸಿದರೂ ಹೇಳುವುದಿಲ್ಲ. ನಿಜವಾಗಿದ್ದರೂ ಯಾರಿಗೂ ಒಳ್ಳೆಯದು ಮಾಡದ ಮಾತನ್ನು ಹೇಳುವುದಿಲ್ಲ. ನಿಜವೂ ಹೌದು, ಒಳ್ಳೆಯದೂ ಹೌದು ಎಂದಾದರೆ ಅದಕ್ಕೆ ಹೊತ್ತು ನೋಡಿ ಹೇಳುತ್ತಾರೆ, ಕೇಳುವವರಿಗೆ ಕಹಿಯಾದರೂ ಸರಿ. ಅಂದರೆ ಸುಳ್ಳು ಆಡಬಾರದು ಎಂಬುದಕ್ಕೂ ಕೇಳಿದವರಿಗೆಲ್ಲ ಎಲ್ಲವನ್ನೂ ಒಪ್ಪಿಸಬೇಕು ಎಂಬುದಕ್ಕೂ ಬಹಳ ಅಂತರವಿದೆ. ನಮ್ಮ ಹಿರಿಯರು ಈ ಎರಡನ್ನೂ ಒಂದೇ ಮಾಡಿದ್ದರು.

ಇನ್ನು, ಈ ಪ್ರಶ್ನೆಯನ್ನು ಬುದ್ಧರಿಗೇ ಯಾರೋ ಕೇಳಿದ್ದರು ಎಂದರೆ ನಂಬುತ್ತೀರಾ? ಸುತ್ತನಿಪಾತದ ಸುಂದರಿಕ ಭಾರದ್ವಾಜ ಸುತ್ತ ಓದಿ. ಕೋಸಲ ದೇಶದಲ್ಲಿ ಸುಂದರಿಕಾ ನದಿಯ ದಂಡೆ. ಒಬ್ಬ ಬ್ರಾಹ್ಮಣ ಹೋಮ ಮುಗಿಸಿ, ಉಳಿದ ಹವಿಸ್ಸನ್ನು ಯಾರಿಗೆ ಕೊಡಲಿ ಎಂದು ಸುತ್ತ ನೋಡುತ್ತಾನೆ. ಮರದ ಬುಡದಲ್ಲಿ ತಲೆಯ ಮೇಲೆ ಬಟ್ಟೆ ಹೊದ್ದು ಒಬ್ಬರು ಕೂತಿದ್ದಾರೆ. ಹತ್ತಿರ ಬಂದಾಗ ಅವರು ಬಟ್ಟೆ ಸರಿಸುತ್ತಾರೆ, ನೋಡಿದರೆ ಬೋಳುತಲೆ. ಬ್ರಾಹ್ಮಣನಿಗೆ ಹಿಂದಕ್ಕೆ ಹೋಗುವ ಮನಸ್ಸಾಗುತ್ತದೆ. ಆದರೆ ಬ್ರಾಹ್ಮಣರಲ್ಲೂ ಕೆಲವರು ತಲೆ ಬೋಳಿಸಿಕೊಂಡಿರುತ್ತಾರಲ್ಲ, ಕೇಳಿಬಿಡೋಣ ಎಂದು ಕೇಳುತ್ತಾನೆ: ತಾವು ಯಾವ ಜಾತಿ?

ಎರಡೂವರೆ ಸಾವಿರ ವರ್ಷದ ಹಿಂದಿನ ‘ನೀವು ಯಾವ ಜನ?’ ಇದು. ಬುದ್ಧರು ‘ಶಾಕ್ಯ ಕುಲದ ಕ್ಷತ್ರಿಯ’ ಎಂದಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ, ಬ್ರಾಹ್ಮಣನಿಗೂ ಸಮಾಧಾನವಾಗುತ್ತಿತ್ತು. ಅವರು ಹಾಗೆ ಹೇಳಲಿಲ್ಲ. ತಾನು ಬ್ರಾಹ್ಮಣನೂ ಅಲ್ಲ, ರಾಜಪುತ್ರನೂ ಅಲ್ಲ, ವೈಶ್ಯನೂ ಅಲ್ಲ, ಅಂಥ ಯಾರೂ ಅಲ್ಲ ಎಂದರು. ಹುಟ್ಟನ್ನು ಕೇಳಬೇಡ, ನಡತೆಯನ್ನು ಕೇಳು ಎಂದರು. ಯಾವ ಕಟ್ಟಿಗೆಯಿಂದ ಹುಟ್ಟಿದರೂ ಬೆಂಕಿ ಬೆಂಕಿಯೇ ಎಂದರು. ತಮಗೆ ಲಾಭವಾಗುವ ಸತ್ಯವನ್ನೂ ಅವರು ಆಡಲಿಲ್ಲ, ಏಕೆಂದರೆ ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಪ್ರಶ್ನೆ ಸರಿ ಎಂದು ಒಪ್ಪಿದಂತೆ. ನನಗೆ ಈ ಸುತ್ತದಲ್ಲಿ ಬಹಳ ದೊಡ್ಡದಾಗಿ ಕಾಣುವುದು ಇದೇ.

ಹಾಗಾದರೆ ನಾವು ಏನು ಹೇಳುವುದು? ‘ನಾವು ಬೌದ್ಧರು.’ ಇದು ತಪ್ಪಿಸಿಕೊಳ್ಳುವ ಉತ್ತರವಲ್ಲ, ಪೂರ್ತಿ ನಿಜ. ಆದರೆ ಓನರುಗಳು ಅಲ್ಲಿಗೆ ಬಿಡುವುದಿಲ್ಲ ಎಂದು ನಿಮಗೆಲ್ಲ ಗೊತ್ತು. ‘ಅದು ಸರಿ, ಮೊದ್ಲು ಏನಾಗಿದ್ರಿ?’ ಎನ್ನುತ್ತಾರೆ. ಇಲ್ಲದಿದ್ದರೆ ಸುತ್ತು ಬಳಸಿ, ‘ನಿಮ್ಮ ಮನೆದೇವ್ರು ಯಾವ್ದು?’, ‘ನಿಮ್ಮೂರಲ್ಲಿ ಯಾವ ಬೀದಿ?’, ‘ಊಟ ಎಲ್ಲ ಹೆಂಗೆ?’ ಎನ್ನುತ್ತಾರೆ. ಬಸವಣ್ಣನವರ ಫೋಟೋ ತೂಗುಹಾಕಿರುವ ಗೋಡೆಯ ಕೆಳಗೇ ಕೂತು ಕೇಳುವವರೂ ಇದ್ದಾರೆ. ಆಗ ದನಿ ಏರಿಸದೆ ಹೇಳಬಹುದು: ‘ಮೊದಲಿನದು ನಮಗೆ ಇಲ್ಲ ಸರ್. ಬಾಡಿಗೆ ಯಾವ ತಾರೀಖಿಗೆ ಕೊಡ್ತೀನಿ, ಮನೇಲಿ ಎಷ್ಟು ಜನ ಇರ್ತೀವಿ, ಹಿಂದಿನ ಮನೆ ಯಾಕೆ ಬಿಟ್ವಿ, ಅದನ್ನ ಕೇಳಿ, ಎಲ್ಲಾ ಹೇಳ್ತೀನಿ.’ ಬಾಡಿಗೆದಾರರ ನಡತೆ ಎಂದರೆ ಅದೇ ತಾನೇ. ಅಷ್ಟನ್ನು ತಿಳಿಯುವ ಹಕ್ಕು ಓನರಿಗೆ ಇದೆ, ಅದರಲ್ಲಿ ನಾವು ಒಂದಕ್ಷರ ಸುಳ್ಳು ಹೇಳಬಾರದು. ನಾಲ್ಕು ಜನ ಇರುತ್ತೇವೆಂದು ಹೇಳಿ ಏಳು ಜನ ಇರುವುದು ನಿಜವಾಗಿಯೂ ಮುಸಾವಾದ. ಅದರ ಬಗ್ಗೆ ನಮ್ಮಲ್ಲಿ ಯಾರೂ ಚರ್ಚೆ ಮಾಡುವುದಿಲ್ಲ ನೋಡಿ!

ಈ ಉತ್ತರ ಕೊಟ್ಟರೆ ಮನೆ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಬಹಳ ಸಲ ಸಿಗುವುದಿಲ್ಲ. ‘ಬೌದ್ಧರು’ ಎಂದರೆ ಯಾರು ಎಂದು ಈಗ ಎಲ್ಲ ಓನರುಗಳಿಗೂ ಗೊತ್ತು. ಬುದ್ಧರು ನದಿಯ ದಂಡೆಯಲ್ಲಿ ಒಬ್ಬರೇ ಇದ್ದರು, ಹವಿಸ್ಸು ಸಿಗದಿದ್ದರೆ ಇನ್ನೊಂದು ಊರಿಗೆ ನಡೆಯುತ್ತಿದ್ದರು. ಸ್ಕೂಲು ಶುರುವಾಗಲು ಹತ್ತು ದಿನ ಇರುವಾಗ ಎರಡು ಮಕ್ಕಳನ್ನು ಕಟ್ಟಿಕೊಂಡು ಮನೆ ಹುಡುಕುವ ತಾಯಿಗೆ ಆ ಕತೆಯನ್ನಷ್ಟೇ ಹೇಳಿ ಕಳಿಸಿದರೆ ಅದು ಧಮ್ಮವಲ್ಲ, ಉಪದೇಶ. ಅದಕ್ಕೇ ಇನ್ನೊಂದು ಕತೆಯನ್ನು ಪಕ್ಕದಲ್ಲಿಟ್ಟು ಓದಬೇಕು. ಅದು ನಮ್ಮ ಬಾಬಾಸಾಹೇಬರದು.

1917. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿದ 26 ವರ್ಷದ ಯುವಕ, ಕರಾರಿನಂತೆ ಆ ಸಂಸ್ಥಾನದ ಸೇವೆಗೆ ಬರುತ್ತಾರೆ. ಇಳಿದುಕೊಳ್ಳಲು ಜಾಗವಿಲ್ಲ. ಹಿಂದೂ ಹೋಟೆಲುಗಳು ಸೇರಿಸುವುದಿಲ್ಲ ಎಂದು ಅವರಿಗೆ ಗೊತ್ತು. ಒಂದು ಪಾರ್ಸಿ ವಸತಿಗೃಹಕ್ಕೆ ಹೋಗುತ್ತಾರೆ. ನೋಡಿಕೊಳ್ಳುವವನು ‘ಪಾರ್ಸಿಯೇ?’ ಎಂದು ಕೇಳಿದಾಗ ಹಿಂದೂ ಎಂದೇ ಹೇಳುತ್ತಾರೆ. ಪಾರ್ಸಿಗಳಿಗಷ್ಟೇ ಜಾಗ ಎನ್ನುತ್ತಾನೆ ಅವನು. ಆದರೆ ಗಿರಾಕಿಗಳಿಲ್ಲದೆ ಆ ಮನೆ ಖಾಲಿ ಬಿದ್ದಿತ್ತು, ಅವನಿಗೂ ನಾಲ್ಕು ಕಾಸು ಬೇಕಿತ್ತು. ದಿನಕ್ಕೆ ಒಂದೂವರೆ ರೂಪಾಯಿಗೆ ಮಾತಾಗಿ, ರಿಜಿಸ್ಟರಿನಲ್ಲಿ ಒಂದು ಪಾರ್ಸಿ ಹೆಸರು ಬರೆಯುವುದೆಂದು ಇಬ್ಬರೂ ಒಪ್ಪುತ್ತಾರೆ. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತಾರು ಪಾರ್ಸಿಗಳು ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿ ಬರುತ್ತಾರೆ. ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದು ಗದರಿಸಿ ಹೋಗುತ್ತಾರೆ.

ಆಮೇಲೆ ಅವರು ಇಬ್ಬರು ಸ್ನೇಹಿತರನ್ನು ಕೇಳುತ್ತಾರೆ. ಹಿಂದೂ ಸ್ನೇಹಿತ, ನೀನು ಬಂದರೆ ನಮ್ಮ ಆಳುಗಳು ಬಿಟ್ಟುಹೋಗುತ್ತಾರೆ ಎಂದ. ಬ್ರಾಹ್ಮಣ ಮೂಲದಿಂದ ಕ್ರೈಸ್ತನಾದ ಇನ್ನೊಬ್ಬ, ಹೆಂಡತಿಯನ್ನು ಕೇಳಬೇಕು ಎಂದ. ‘ನಮಗೇನೂ ಇಲ್ಲಪ್ಪ, ಆದ್ರೆ ಮನೇಲಿ ವಯಸ್ಸಾದೋರಿದ್ದಾರೆ’ ಎಂಬ ಮಾತನ್ನು ನಮ್ಮೂರುಗಳಲ್ಲಿ ಕೇಳಿದಾಗಲೆಲ್ಲ ನನಗೆ ಈ ಇಬ್ಬರು ನೆನಪಾಗುತ್ತಾರೆ. ಕೊನೆಗೆ ಬಾಬಾಸಾಹೇಬರು ಊರಿನ ಸಾರ್ವಜನಿಕ ಉದ್ಯಾನದಲ್ಲಿ ಗಂಟೆಗಟ್ಟಲೆ ಕೂತಿದ್ದು, ರಾತ್ರಿ ರೈಲು ಹಿಡಿದು ಮುಂಬಯಿಗೆ ಹಿಂದಿರುಗಿದರು.

ಇದನ್ನು ಅವರೇ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ. 18 ವರ್ಷ ಕಳೆದರೂ ಆ ದೃಶ್ಯ ಕಣ್ಣೀರಿಲ್ಲದೆ ನೆನಪಾಗುವುದಿಲ್ಲ ಎಂದಿದ್ದಾರೆ. ಆದರೆ ನಮ್ಮ ಇಂದಿನ ಪಾಠಕ್ಕೆ ಬೇಕಾದದ್ದು ಬೇರೊಂದು ಮಾತು. ದೊಣ್ಣೆ ಹಿಡಿದವರ ಮುಂದೆ ತಾವು ಯಾಕೆ ಮೌನವಾಗಿ ನಿಂತೆ ಎಂದು ಹೇಳುವಾಗ, ಹೆಸರು ಬದಲಿಸಿದ್ದು ಮೋಸವೇ ಆಗಿತ್ತು, ಅದು ಬಯಲಾಗಿತ್ತು ಎಂದು ನೇರವಾಗಿ ಬರೆಯುತ್ತಾರೆ. ಜಾಣತನ ಎನ್ನಲಿಲ್ಲ, ಪ್ರತಿಭಟನೆ ಎಂದು ಬಣ್ಣ ಹಚ್ಚಲಿಲ್ಲ. ಹಾಗೆಂದು ಅದನ್ನೇ ಹಿಡಿದು ತಮ್ಮನ್ನು ಹಳಿದುಕೊಳ್ಳಲೂ ಇಲ್ಲ. ಅವರ ಬರಹದ ಬೆರಳು ಪೂರ್ತಿ ತಿರುಗಿರುವುದು ಬಾಗಿಲು ಮುಚ್ಚಿದವರ ಕಡೆಗೆ. ತನ್ನ ಕೆಲಸಕ್ಕೆ ಅದರ ನಿಜವಾದ ಹೆಸರು, ದೊಡ್ಡ ತಪ್ಪಿಗೆ ಅದರ ನಿಜವಾದ ಯಜಮಾನ. ನಾಲ್ಕನೆಯ ಶೀಲವನ್ನು ಹೀಗೂ ಪಾಲಿಸಬಹುದು.

ಆದ್ದರಿಂದ ತಂಗಿ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಅದು ಸುಳ್ಳೇ, ಆದರೆ ಆ ಸುಳ್ಳಿನಲ್ಲಿ ನಿಮ್ಮ ಪಾಲಿಗಿಂತ ಪ್ರಶ್ನೆ ಕೇಳಿದವರ ಪಾಲು ದೊಡ್ಡದು. ನಮ್ಮಲ್ಲಿ ಯಾರಾದರೂ ಹಾಗೆ ಹೇಳಿ ಮನೆ ಹಿಡಿದಿದ್ದರೆ ಅವರನ್ನು ಹೀಯಾಳಿಸುವ ಯೋಗ್ಯತೆ ಬಳಗದ ಒಬ್ಬರಿಗೂ ಇಲ್ಲ. ಬೇಡ ಎಂದು ನಾನು ಹೇಳುವುದು ಪಾಪದ ಭಯಕ್ಕಲ್ಲ. ಆ ಸುಳ್ಳಿನ ಬಾಡಿಗೆ ಬಹಳ ದುಬಾರಿ.

ಲೆಕ್ಕ ಹಾಕಿ ನೋಡಿ. ಹಾಲ್‌ನಲ್ಲಿ ಇರಬೇಕಾದ ಬುದ್ಧರ ಫೋಟೋ, ಬಾಬಾಸಾಹೇಬರ ಫೋಟೋ ಬೀರುವಿನೊಳಗೆ ಹೋಗುತ್ತವೆ. ಏಪ್ರಿಲ್ 14ರ ಮೆರವಣಿಗೆ ಮುಗಿಸಿ ಬರುವಾಗ ನೀಲಿ ಶಾಲನ್ನು ಬೀದಿಯ ತಿರುವಿನಲ್ಲೇ ಮಡಚಿ ಬ್ಯಾಗಿಗೆ ಹಾಕಬೇಕು. ಊರಿನಿಂದ ಅಮ್ಮ ಬಂದರೆ ‘ಅವ್ವಾ, ಓನರ್ ಹತ್ರ ಜಾಸ್ತಿ ಮಾತಾಡ್ಬೇಡ’ ಎನ್ನಬೇಕು. ಭಾನುವಾರ ಮಸಾಲೆ ಹುರಿಯುವ ಮುಂಚೆ ಕಿಟಕಿ ಮುಚ್ಚಬೇಕು. ಒಂದು ದಿನದ ಸುಳ್ಳಲ್ಲ ಇದು, ಹನ್ನೊಂದು ತಿಂಗಳ ಅಗ್ರಿಮೆಂಟಿನ ಸುಳ್ಳು, ರಿನ್ಯೂವಲ್ ಬೇರೆ.

ಅದಕ್ಕಿಂತ ದೊಡ್ಡ ಕಂತನ್ನು ಕಟ್ಟುವುದು ಮಕ್ಕಳು. ಮೇಷ್ಟ್ರಾಗಿ ಇದನ್ನು ತರಗತಿಯಲ್ಲಿ ಕಂಡಿದ್ದೇನೆ. ಮನೆಯಲ್ಲಿ ‘ಯಾರಾದ್ರೂ ಕೇಳಿದ್ರೆ ಹಿಂಗನ್ನು’ ಎಂದು ಹೇಳಿಸಿಕೊಂಡು ಬಂದ ಮಗು ಡಬ್ಬಿಯ ಮುಚ್ಚಳವನ್ನು ಅರ್ಧವಷ್ಟೇ ತೆಗೆದು ಊಟ ಮಾಡುತ್ತದೆ. ಗೆಳೆಯರನ್ನು ಮನೆಗೆ ಕರೆಯುವುದಿಲ್ಲ. ವಿದ್ಯಾರ್ಥಿವೇತನದ ಪಟ್ಟಿ ಓದುವಾಗ ತಲೆ ತಗ್ಗಿಸುತ್ತದೆ. ಸುಳ್ಳು ಹೇಳು ಎಂದು ನಾವು ಹೇಳಿಕೊಟ್ಟಾಗ ಮಗು ಕಲಿಯುವುದು ಸುಳ್ಳನ್ನು ಮಾತ್ರವಲ್ಲ, ನಮ್ಮಲ್ಲಿ ಮುಚ್ಚಿಡಬೇಕಾದದ್ದು ಏನೋ ಇದೆ ಎಂಬುದನ್ನು. ಯಾವ ನಾಚಿಕೆಯನ್ನು ಕಿತ್ತುಹಾಕಲು ಬಾಬಾಸಾಹೇಬರು ನಮ್ಮನ್ನು ಧಮ್ಮಕ್ಕೆ ಕರೆತಂದರೋ ಅದನ್ನು ನಾವೇ ನೀರು ಹಾಕಿ ಬೆಳೆಸಿದ ಹಾಗಾಯಿತು.

ಬುದ್ಧರು ಬಾಲಕ ರಾಹುಲನಿಗೆ ಮೊದಲು ಹೇಳಿಕೊಟ್ಟ ಪಾಠಗಳಲ್ಲಿ ಸುಳ್ಳಿನ ಪಾಠವೂ ಒಂದು. ಕಾಲು ತೊಳೆದು ಪಾತ್ರೆಯಲ್ಲಿ ಉಳಿದ ಚೂರು ನೀರನ್ನು ತೋರಿಸಿ, ಅದನ್ನು ಚೆಲ್ಲಿ, ಪಾತ್ರೆಯನ್ನು ಬೋರಲು ಹಾಕಿ, ಮತ್ತೆ ನೆಟ್ಟಗೆ ಮಾಡಿ ಖಾಲಿ ಪಾತ್ರೆ ತೋರಿಸಿ, ನಾಚಿಕೆಯಿಲ್ಲದೆ ಸುಳ್ಳಾಡುವವನ ಸಮಣತ್ವ ಹೀಗೆ ಎಂದರು. ಮುಂದೆ ಕನ್ನಡಿಯ ಮಾತು ಬರುತ್ತದೆ. ಕನ್ನಡಿ ನೋಡಿಕೊಳ್ಳುವಂತೆ ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ನೋಡು: ಇದರಿಂದ ನನಗೆ ನೋವೇ, ಇತರರಿಗೆ ನೋವೇ, ಇಬ್ಬರಿಗೂ ನೋವೇ? ‘ನನಗೆ’ ಎಂಬುದು ಆ ಪಟ್ಟಿಯಲ್ಲಿ ಮೊದಲೇ ಇದೆ. ಜಾತಿ ಮುಚ್ಚಿಡುವ ಸುಳ್ಳು ಓನರಿಗೆ ಏನೂ ನೋವು ಮಾಡುವುದಿಲ್ಲ ಎಂದೇ ಇಟ್ಟುಕೊಳ್ಳಿ. ನಮಗೆ ಮಾಡುತ್ತದೆ.

ಜೀವಕ್ಕೇ ಅಪಾಯವಿರುವ ಹೊತ್ತಿನ ಮಾತು ಬೇರೆ. ಜಾತಿ ಮೀರಿ ಮದುವೆಯಾದ ಮಕ್ಕಳು ನಿಮ್ಮ ಮನೆಯೊಳಗಿದ್ದು, ಹೊರಗೆ ಮಚ್ಚು ಹಿಡಿದವರು ನಿಂತು ಕೇಳಿದರೆ, ಮೌನ ಸಾಕಾಗದಿದ್ದರೆ, ಮೊದಲು ಜೀವ ಉಳಿಸಿ, ಮಾರನೆಯ ಬೆಳಿಗ್ಗೆ ಶೀಲವನ್ನು ಮತ್ತೆ ಕೈಗೊಳ್ಳಿ. ಮೊದಲನೆಯ ಶೀಲವೂ ಒಂದು ಇದೆಯಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದವರು ಭಾನುವಾರ ಬಂದು ಜಗಳವಾಡಬಹುದು.

ಇಲ್ಲಿ ಕೆಲವರು ಕೇಳುತ್ತಾರೆ: ಓನರಿಗೆ ಮಾತ್ರ ‘ನಮಗೆ ಜಾತಿ ಇಲ್ಲ’ ಎನ್ನುವವರು ತಹಸೀಲ್ದಾರರ ಕಚೇರಿಯಲ್ಲಿ ಜಾತಿ ಪ್ರಮಾಣಪತ್ರ ಯಾಕೆ ತೆಗೆದುಕೊಳ್ಳುತ್ತಾರೆ, ಅದು ಸುಳ್ಳಲ್ಲವೇ? ಸುಳ್ಳಲ್ಲ. ಆ ಪತ್ರ ನಮ್ಮ ನಂಬಿಕೆಯನ್ನು ಹೇಳುವುದಿಲ್ಲ, ಸಮಾಜ ನಮ್ಮ ಕುಟುಂಬವನ್ನು ತಲೆಮಾರುಗಟ್ಟಲೆ ಎಲ್ಲಿ ಇಟ್ಟಿತ್ತು ಎಂಬುದನ್ನು ಹೇಳುತ್ತದೆ. ಧರ್ಮ ಬದಲಿಸಿದ ಮಾತ್ರಕ್ಕೆ ಸಮಾಜ ನಮ್ಮನ್ನು ಕಾಣುವ ಕಣ್ಣು ಬದಲಾಗಲಿಲ್ಲ, ಮೇಲಿನ ಮೂರು ಮನೆಗಳೇ ಸಾಕ್ಷಿ. 1950ರ ಪರಿಶಿಷ್ಟ ಜಾತಿಗಳ ಆದೇಶಕ್ಕೆ 1990ರಲ್ಲಿ ತಿದ್ದುಪಡಿ ತಂದು ಬೌದ್ಧರನ್ನೂ ಸೇರಿಸಿದ್ದು ಇದೇ ಕಾರಣಕ್ಕೆ. ಹಾಗಾಗಿ ಧರ್ಮದ ಕಾಲಂನಲ್ಲಿ ‘ಬೌದ್ಧ’ ಎಂದೂ ಜಾತಿಯ ಕಾಲಂನಲ್ಲಿ ಜಾತಿಯನ್ನೂ ಬರೆಯುವಾಗ ಕೈ ನಡುಗಬೇಕಾಗಿಲ್ಲ. ಒಬ್ಬರು ಕೇಳುವುದು ಬಾಗಿಲು ತೆರೆಯಲು, ಇನ್ನೊಬ್ಬರು ಕೇಳುವುದು ಮುಚ್ಚಲು. ಪ್ರಶ್ನೆ ಒಂದೇ ಥರ ಕಂಡರೂ ಒಂದೇ ಅಲ್ಲ.

ಇನ್ನೊಂದು ಮಾತು ಉಳಿದಿದೆ, ಸ್ವಲ್ಪ ಕಹಿ. ಅಭಯ ಸುತ್ತದ ಪ್ರಕಾರ ಹೊತ್ತು ನೋಡಿಯೇ ಹೇಳುತ್ತಿದ್ದೇನೆ. ನಮ್ಮ ಬಳಗದಲ್ಲೇ ಸ್ವಂತ ಮನೆ ಕಟ್ಟಿಸಿ ಮೇಲಿನ ಮಹಡಿ ಬಾಡಿಗೆಗೆ ಕೊಟ್ಟವರಿದ್ದಾರೆ. ಗೇಟಿಗೆ ‘ಟು ಲೆಟ್’ ಬೋರ್ಡು ತೂಗುಹಾಕಿದ ಮೇಲೆ ಬಂದವರಿಗೆ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? ‘ನಮ್ಮೋರೇನಾ?’ ಎನ್ನುತ್ತೇವೆ. ‘ಹೌದು’ ಎಂದರೆ, ದನಿ ತಗ್ಗಿಸಿ, ‘ಎಡಗೈಯಾ ಬಲಗೈಯಾ?’ ಎನ್ನುತ್ತೇವೆ. ಸಾಬರಾದರೆ ಬೇಡ, ಪೌರಕಾರ್ಮಿಕರಾದರೆ ‘ನೀರಿನ ಪ್ರಾಬ್ಲಮ್ ಇದೆ’. ಗೇಟಿನ ಪಕ್ಕದಲ್ಲೇ ಧಮ್ಮಚಕ್ರದ ಕಲ್ಲು ಕೂಡಿಸಿರುತ್ತೇವೆ. ‘ನೀರಿನ ಪ್ರಾಬ್ಲಮ್ ಇದೆ’ ಎಂಬ ಮಾತಿಗೆ ಆ ನಾಲ್ಕು ಅಂಗಗಳನ್ನು ಹಚ್ಚಿ ನೋಡಿ.

ಈ ಗುಂಪಿನಲ್ಲಿ ಯಾರ ಮನೆಯಾದರೂ ಖಾಲಿ ಇದ್ದರೆ, ಯಾವ ಬಡಾವಣೆ, ಬಾಡಿಗೆ ಎಷ್ಟು, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಇಲ್ಲೇ ಹಾಕಿ. ಬೇರೆ ಊರಿನಲ್ಲಿ ಪರಿಚಯದವರ ಮನೆ ಇದ್ದರೂ ತಿಳಿಸಿ. ಬಂದವರನ್ನು ಏನು ಕೇಳಬೇಕು ಎಂಬುದನ್ನು ಸುಂದರಿಕಾ ನದಿಯ ದಂಡೆಯಲ್ಲಿ ಆಗಲೇ ಹೇಳಿಯಾಗಿದೆ.

ಭವತು ಸಬ್ಬ ಮಂಗಲಂ 🙏